ಎರವಲು ತಂದ ದನಿ

"ಬಂದೆ, ಬಂದೆ," ಎನ್ನುತ್ತ ಅತ್ತೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದರು. ಮಾವ ಕರೆದಿರಲಿಲ್ಲ. ಅವರು ತಟ್ಟೆಯ ಮುಂದೆ ತುತ್ತು ನುಂಗದೆ ಕೂತಿದ್ದರು. ಕರೆದದ್ದು ಟಿವಿ.

ಅತ್ತೆ ಮಾವ ಭಾನುವಾರದ ಊಟಕ್ಕೆ ಬಂದಿದ್ದ ಅಳಿಯ, ಮಗಳ ಆ ಪುಟ್ಟ ಮನೆಯಲ್ಲಿ ಗಂಡನ ದೇವರು ಒಂದು ಗೋಡೆಗೆ, ಹೆಂಡತಿಯ ದೇವರು ಎದುರು ಗೋಡೆಗೆ. ನಡುವಿನ ಗೋಡೆಗೆ ಟಿವಿ. ಎರಡು ದೇವರು ತರದ ಜಗಳವನ್ನು ಅದು ಅರ್ಧ ನಿಮಿಷದಲ್ಲಿ ತಂದಿತ್ತು. ಹೊಸ ಸಿನಿಮಾದ ಟ್ರೈಲರಿನಲ್ಲಿ ಮಾವನ ಧರ್ಮದ ಗುರುವೊಬ್ಬ, "ಸ್ವಲ್ಪ ಇಲ್ಲಿ ಬಾ, ಕೂತ್ಕೋ," ಎಂದು ಅಕ್ಕರೆಯಿಂದ ಕರೆದು, ನೆರೆಮನೆ ಸುಡುವುದು ಹೇಗೆಂದು ಹೇಳಿಕೊಡುತ್ತಿದ್ದ. ಮುಖ ಯಾವನದೋ. ದನಿ ಮಾತ್ರ ಅಕ್ಷರಕ್ಕಕ್ಷರ ಮಾವನದು.

ಎಲ್ಲರೂ ಅಳಿಯನ ಕಡೆ ತಿರುಗಿದರು. ಡಬ್ಬಿಂಗ್ ಕಲಾವಿದ, ಬೀದಿಯವರ ಬಾಯಲ್ಲಿ ಗಿಳಿರಾಯ. ಊರವರ ಬಾಯನ್ನೆಲ್ಲ ತನ್ನ ಬಾಯಲ್ಲಿಟ್ಟುಕೊಂಡವನು ಎದ್ದು ಟಿವಿ ಆರಿಸಿದ.

"ಕೇಳಿದ ತಕ್ಷಣ ನಂಬಿಕೆ ಬರೋ ದನಿ ಬೇಕು," ಎಂದಿದ್ದ ನಿರ್ದೇಶಕ. ಅಂಥ ದನಿ ಗಿಳಿರಾಯನಿಗೆ ಗೊತ್ತಿದ್ದದ್ದು ಒಂದೇ. ಮೊದಲ ದಿನ ಬರೀ ಕುಶಲ ವಿಚಾರಿಸುವ ದೃಶ್ಯ. ಮೂರನೆಯ ದಿನ ಬೆಂಕಿಯ ಮಾತು ಬಂದಾಗ ಪಾತ್ರಕ್ಕೆ ಆ ದನಿ ಗಟ್ಟಿಯಾಗಿ ಕೂತಾಗಿತ್ತು. ಹೊಟ್ಟೆಪಾಡು ಎಂದುಕೊಂಡು ಅದನ್ನೂ ಆಡಿ ಮುಗಿಸಿದ್ದ.

ಆ ಭಾನುವಾರದಿಂದ ಮಾವ ಅಳಿಯನೆದುರು ಬಾಯಿ ಬಿಡಲಿಲ್ಲ. ನೀರು ಬೇಕಾದರೆ ಲೋಟ ತೋರಿಸುವರು. ಸಾಕಾದರೆ ಕೈ ಅಡ್ಡ. ಮನೆಯಲ್ಲಿ ಕಳ್ಳನಿದ್ದಾಗ ಬೀರುವಿಗೆ ಬೀಗ ಹಾಕಿದ ಹಾಗೆ.

"ಬೇರೆ ದನೀಲಿ ಮತ್ತೆ ಹೇಳ್ಬಿಡ್ತೀನಿ. ಬಿಡುಗಡೆಗೆ ಇನ್ನೂ ಟೈಮಿದೆ," ಎಂದ ಅವನು ಹೆಂಡತಿಗೆ.

"ಯಾರ ದನೀಲಿ?"

"ಯಾರದ್ದಾದ್ರೂ. ನಂದೇ."

ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. "ಅಪ್ಪನ ಬಾಯಿಂದ ತೆಗೆದು ನಿನ್ನ ಬಾಯಿಗೆ ಹಾಕ್ಕೊಂಡ್ರೆ ಅದು ಸಿಹಿಯಾಗತ್ತಾ? ನಮ್ಮೋರನ್ನ ಅಂದಿದ್ದು ಅಂದಿದ್ದೇ ಅಲ್ವೇನೋ," ಎಂದಳು. ಕೋಪವಿರಲಿಲ್ಲ. ಅವನ ಅಂಗಿಯ ಕಾಲರನ್ನು ಎಂದಿಗಿಂತ ಜೋಪಾನವಾಗಿ ತಿದ್ದಿಟ್ಟಳು.

ಮಾತು ಆಡಿದರೆ ಹೋಯಿತು ಎಂಬ ಗಾದೆ ಡಬ್ಬಿಂಗ್ ಸ್ಟುಡಿಯೋದಲ್ಲಿ ನಡೆಯುವುದಿಲ್ಲ. ಅಲ್ಲಿ ಆಡಿದ್ದನ್ನು ಅಳಿಸಬಹುದು. ಮರುದಿನ ಗಿಳಿರಾಯ ಅಳಿಸಿ ಎಂದ. ಇನ್ನೊಬ್ಬನನ್ನು ನೋಡಿಕೊಳ್ಳಿ ಎಂದ. ನಿರ್ದೇಶಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಯ್ತು. ಇನ್ಮೇಲೆ ಈ ಬಾಗಿಲು ತಟ್ಟಬೇಡ," ಎಂದ.

ಅಲ್ಲಿಂದ ನೇರ ಮಾವನ ಹೊಲಿಗೆ ಅಂಗಡಿಗೆ ಬಂದ. ಅಳತೆ ಬರೆದುಕೊಳ್ಳುವ ಅತ್ತೆ ಊಟಕ್ಕೆ ಹೋಗಿದ್ದರು. ಮಾವ ಒಬ್ಬ ದಪ್ಪ ಗಿರಾಕಿಯ ಸುತ್ತ ಟೇಪು ಹಿಡಿದು, ಎರಡು ಕೈಯೂ ಬಿಡುವಿಲ್ಲದೆ ನಿಂತಿದ್ದರು.

"ಬಿಟ್ಟು ಬಂದೆ ಮಾವ. ಅವ್ರು ಬೇರೆಯವ್ರ ಹತ್ರ ಮಾಡಿಸ್ಕೋತಾರೆ. ಸಿನಿಮಾ ಏನೂ ನಿಲ್ಲಲ್ಲ." ಅವನು ತಡವರಿಸಿದ. "ನಂಬೋ ಅಂಥ ದನಿ ಅಂದ್ರು. ನನಗೆ ಬೇರೆ ಯಾರದ್ದೂ ನೆನಪಾಗ್ಲಿಲ್ಲ."

ಗಿರಾಕಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದ. ಮಾವನ ಕಣ್ಣು ಮೇಜಿನ ಮೇಲಿನ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಗೋಡೆಗೆ.

"ಎದೆ, ನಲವತ್ತನಾಲ್ಕು," ಎಂದರು ಗೋಡೆಗೆ.

ಅಳಿಯ ಪುಸ್ತಕ ಎಳೆದುಕೊಂಡು ಬರೆದ.

"ಹೊಟ್ಟೆ, ನಲವತ್ತಾರು." ಗಿರಾಕಿಯ ಮುಖ ಕೆಂಪಾಗುತ್ತಿತ್ತು. "ಉಸಿರು ಬಿಡಿ ಸ್ವಾಮಿ, ನನ್ನ ಮುಂದೆ ಏನು ನಾಚಿಕೆ. ನಲವತ್ತೆಂಟೂವರೆ ಬರ್ಕೊಳಪ್ಪ."

ಅಳಿಯ ನಲವತ್ತಾರರ ಮೇಲೆ ಗೀಟೆಳೆದು, ಪಕ್ಕದಲ್ಲಿ ದುಂಡಗೆ ನಲವತ್ತೆಂಟೂವರೆ ಬರೆದು, ಪೆನ್ಸಿಲು ಕೆಳಗಿಡದೆ ಕಾದ.