ಕಂಕುಳ ಹೊಲಿಗೆ

ಆ ಓಣಿಯಲ್ಲಿ ಅವಳಿಗೆ ಕತ್ತರಿ ಅನ್ನುವುದೇ ಹೆಸರು. ಬೆರಳಿನ ವೇಗ ಅಂಥದ್ದು. ಗಿರಾಕಿ ಮೆಟ್ಟಿಲು ಹತ್ತುತ್ತ 'ಪ್ಯಾಂಟು ಸ್ವಲ್ಪ ಉದ್ದ' ಎಂದು ಬಾಯಿ ತೆರೆದರೆ ಮುಚ್ಚುವಷ್ಟರಲ್ಲಿ ಪ್ಯಾಂಟು ಗಿಡ್ಡವಾಗಿರುತ್ತಿತ್ತು. ಒಂದೆರಡು ಸಲ ಗಿರಾಕಿ ಇನ್ನೂ ಅದರೊಳಗೇ ಇದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ನೂಲುಂಡೆಗಳ ಗುಡ್ಡ, ಆ ಗುಡ್ಡದ ಸಂದಿಯಲ್ಲಿ ಗಂಡ ಪೇಪರು ಓದಲು ಒಂದು ಗೇಣು ಜಾಗ. ಊರಿನ ಅರ್ಧ ಜನ ಅವಳು ಗಿಡ್ಡ ಮಾಡಿದ ಪ್ಯಾಂಟಿನಲ್ಲಿ ಓಡಾಡುತ್ತಿದ್ದರು, ಉಳಿದರ್ಧ ಅವಳು ಸಡಿಲಿಸಿದ ಅಂಗಿಯಲ್ಲಿ ಉಸಿರಾಡುತ್ತಿದ್ದರು.

ಇಂಥ ಕತ್ತರಿ ತನಗೆಂದು ಒಂದು ಬಟ್ಟೆ ಹೊಲಿದುಕೊಂಡು ಮೂರು ವರ್ಷವಾಗಿತ್ತು. ಯಾಕಮ್ಮ ಎಂದು ಯಾರಾದರೂ ಕೇಳಿದರೆ ಫೋನು ಎತ್ತಿ ತೋರಿಸುತ್ತಿದ್ದಳು.

"ಬಟ್ಟೆ ತಂದು, ಅಸ್ತರು ತಂದು, ಗುಂಡಿ ತಂದು ನಾನು ಒಂದು ಹೊಲಿಯೋ ದುಡ್ಡಲ್ಲಿ ಇಲ್ಲಿ ಮೂರು ಬರುತ್ತೆ. ಇಷ್ಟು ಅಗ್ಗಕ್ಕೆ ಹೇಗೆ ಕೊಡ್ತಾರೋ, ದೇವರಿಗೇ ಗೊತ್ತು!"

ದೇವರಿಗೆ ಗೊತ್ತಿದ್ದುದು ಅವಳ ಅಕ್ಕನಿಗೂ ಗೊತ್ತಿತ್ತು. ಅಕ್ಕನನ್ನು ಕೇಳುವ ಯೋಚನೆ ಮಾತ್ರ ಕತ್ತರಿಗೆ ಬಂದಿರಲಿಲ್ಲ.

ಪಾರ್ಸಲ್ಲಿನವನು ಆ ಮನೆಗೆ ಎಷ್ಟು ಬರುತ್ತಿದ್ದನೆಂದರೆ, ಅವನ ಹೆಂಡತಿ ಅವನನ್ನು ಹುಡುಕಬೇಕಾದರೆ ಮೊದಲು ಈ ಬಾಗಿಲಿಗೇ ಬರುತ್ತಿದ್ದಳು ಎಂಬ ಮಾತಿತ್ತು. ತಂದದ್ದರಲ್ಲಿ ಮುಕ್ಕಾಲು ಪಾಲನ್ನು ಅವನೇ ವಾಪಸ್ಸೂ ಒಯ್ಯುತ್ತಿದ್ದ. ಅದು ಕತ್ತರಿಯ ವಿದ್ಯೆ. ಮದುವೆಗೋ ಹುಟ್ಟುಹಬ್ಬಕ್ಕೋ ಹೊಸ ಟಾಪು ಹಾಕಿಕೊಂಡು, ಬೆಲೆಯ ಚೀಟಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ನಾಲ್ಕು ಫೋಟೋ ತೆಗೆಸಿಕೊಂಡು, ಮಾರನೆಯ ದಿನ ಹಿಂತಿರುಗಿಸುವುದು. 'ಇಷ್ಟವಾಗಲಿಲ್ಲ' ಎಂದು ಬರೆದರೆ ಸಾಗಣೆಯ ಖರ್ಚು ಹಿಡಿದುಕೊಳ್ಳುತ್ತಿದ್ದರು. 'ಹೊಲಿಗೆ ಬಿಟ್ಟಿದೆ' ಎಂದು ಬರೆದು ಫೋಟೋ ಹಾಕಿದರೆ ಪೂರ್ತಿ ದುಡ್ಡು ಮರಳುತ್ತಿತ್ತು. ಹೊಲಿಗೆ ಬಿಡದಿದ್ದರೆ? ಬಿಡಿಸಲು ಕತ್ತರಿಗೆ ಯಾರಾದರೂ ಹೇಳಿಕೊಡಬೇಕೆ! ಕಂಕುಳ ಒಳಗಡೆ ಪ್ರತಿ ನಾಲ್ಕನೆಯ ಹೊಲಿಗೆಗೆ ಬ್ಲೇಡಿನ ತುದಿ ತಾಗಿಸಿ, ಆಚೆ ಮಗ್ಗುಲಿನಿಂದ ನೂಲು ಎಳೆದರೆ ಎರಡು ಬೆರಳಗಲ ಹಾಯಾಗಿ ಬಾಯಿ ತೆರೆಯುತ್ತಿತ್ತು. ಮುಗಿಲು ಭೂಮಿಗೆ ಹೊಲಿದುಕೊಂಡಿದ್ದರೂ ಅವಳು ಸದ್ದಿಲ್ಲದೆ ಬಿಚ್ಚಿಯಾಳು.

ಯಾರಿಗೆ ನಷ್ಟ? ಅಷ್ಟು ದೊಡ್ಡ ಕಂಪನಿಗೆ. ಕಂಪನಿಗೆ ಕಂಕುಳೂ ಇಲ್ಲ, ಕಣ್ಣೀರೂ ಇಲ್ಲ. ಹಾಗೆಂದು ಅವಳು ಗಂಡನಿಗೆ ಹೇಳಿದಾಗ ಅವನು ಪೇಪರಿನಿಂದ ತಲೆಯೆತ್ತದೆ, "ನಿನ್ನ ಲೆಕ್ಕ ನಿನಗೆ" ಎಂದಿದ್ದ.

ಈಗ ಅಕ್ಕನ ವಿಷಯ. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಪೀಸನ್ನು ಮೇಜಿನ ಮೇಲೆ ಹರವಿ, ಕೊರಳು, ತೋಳು, ಕಂಕುಳು, ಅಂಚು ಎಲ್ಲ ನೋಡಿ, ಸರಿಯಿದ್ದರೆ ಒಳಮಗ್ಗುಲಿಗೆ ಕಿರುಬೆರಳ ಉಗುರಿನಷ್ಟಿನ ಬಿಳಿ ಚೀಟಿ ಅಂಟಿಸಬೇಕು. ಆ ಚೀಟಿಯಲ್ಲಿ ಚೆಕ್ಕರಿನ ನಂಬರು. ಅಕ್ಕನದು ನಲವತ್ತೊಂದು. ಒಂದು ಪೀಸಿಗೆ ಹನ್ನೆರಡು ಸೆಕೆಂಡು. ಆ ಹನ್ನೆರಡರಲ್ಲಿ ಅಕ್ಕ ಎಲ್ಲ ನೋಡಿ, ಎರಡು ಸೆಕೆಂಡು ಉಳಿಸಿ ಪಕ್ಕದವಳಿಗೆ ಒಂದು ಚಾಡಿಯನ್ನೂ ಹೇಳುತ್ತಿದ್ದಳು. ಅವಳ ಮೇಜು ದಾಟಲು ತಪ್ಪುಗಳೇ ಹೆದರುತ್ತಿದ್ದವು.

ನಾಲ್ಕು ತಿಂಗಳ ಹಿಂದೆ ಅಕ್ಕ ಫೋನಿನಲ್ಲಿ ಒಂದು ಉಬ್ಬುತೋಳಿನ ಟಾಪು ತೋರಿಸಿ, "ಇದು ನಮ್ಮ ಕಾರ್ಖಾನೇದೇ ಕಣೇ. ಇದನ್ನ ನೋಡೋದು ನಾವಿಬ್ಬರೇ ಚೆಕ್ಕರ್‌ಗಳು" ಎಂದು ಎದೆಯುಬ್ಬಿಸಿ ಹೇಳಿದ್ದಳು. ತಂಗಿಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿತು. ಅಲ್ಲಿಂದೀಚೆಗೆ ಮದುವೆಗೊಂದರಂತೆ ನಾಲ್ಕು ಬಣ್ಣದಲ್ಲಿ ತರಿಸಿದಳು. ಕೆಂಪು, ಹಳದಿ, ನೀಲಿ ಆಗಲೇ ಮದುವೆ ಮುಗಿಸಿ ವಾಪಸ್ಸು ಹೋಗಿದ್ದವು. ಹಸಿರೊಂದು ಚೀಲದೊಳಗೆ ಬಾಗಿಲ ಮೊಳೆಗೆ ನೇತುಬಿದ್ದು ಪಾರ್ಸಲ್ಲಿನವನಿಗೆ ಕಾಯುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಅಕ್ಕ ಬಂದಳು. ಮೂಗಿನ ಮೇಲೆ ಹೊಚ್ಚಹೊಸ ಕನ್ನಡಕ.

"ಏನಕ್ಕ, ಯಾವ ಸ್ಕೂಲಿಗೆ ಹೆಡ್‌ಮೇಡಂ ಆದೆ?"

"ನಗಬೇಡ್ವೇ. ನನ್ನ ಕಣ್ಣು ಹೋಯ್ತು." ಅಕ್ಕ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತು, ಎರಡೂ ಕಾಲು ಚಾಚಿದಳು. ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಮೀನಖಂಡದ ಮೇಲೆ ನೀಲಿ ನರ ಹಗ್ಗದ ಹಾಗೆ ಎದ್ದಿತ್ತು.

"ಕಾಲಿಗೇನಾಯ್ತೇ?"

"ಮೇಜಿಂದ ಎಬ್ಬಿಸಿಬಿಟ್ಟರು. ಎರಡು ವಾರ ಆಯ್ತು. ಈಗ ನೂಲು ಕತ್ತರಿಸೋ ಸಾಲಲ್ಲಿ ನಿಂತಿದೀನಿ. ಅಲ್ಲಿ ಕುರ್ಚಿ ಇಲ್ಲ. ಬೆಳಿಗ್ಗೆ ನಿಂತರೆ ಸಂಜೆ ಸೈರನ್ನಿಗೇ ಕಾಲು ಬಗ್ಗೋದು." ಅಕ್ಕ ನಗಲು ನೋಡಿದಳು. "ನಾನು ಪಾಸ್ ಮಾಡಿದ ಪೀಸು ಮೂರು ವಾಪಸ್ ಬಂದವು. ಮೂರಕ್ಕೂ ಕಂಕುಳು ಬಿಟ್ಟಿತ್ತು. ಇನ್ನೊಂದು ಬಂದರೆ ಮನೆಗೆ ಹೋಗಮ್ಮ ಅಂದಿದಾನೆ ಸೂಪರ್‌ವೈಸರ್."

ಕತ್ತರಿಯ ಎದೆ ಧಸಕ್ಕೆಂದಿತು. ಆ ಸದ್ದಿಗೆ ಓಣಿಯ ಕೊನೆಯ ಮನೆಯ ಬೆಕ್ಕು ಎದ್ದು ಓಡಿತೆಂದರೂ ನಂಬಬಹುದು.

"ಯಾ... ಯಾವ ಪೀಸು?"

ಅಕ್ಕ ಚೀಲದಿಂದ ಕೆಂಪು ಟಾಪು ತೆಗೆದು ಮೇಜಿನ ಮೇಲೆ ಹರವಿದಳು. "ಇದರ ದುಡ್ಡು ಸಂಬಳದಲ್ಲಿ ಹಿಡಕೊಂಡು, ತಗೊಂಡುಹೋಗಿ ಫ್ರೇಮ್ ಹಾಕಿಸಮ್ಮ ಅಂತ ಮುಖಕ್ಕೆ ಎಸೆದ. ನೀನು ಹೊಲಿದುಕೊಡು, ನನ್ನ ಮಗಳಾದರೂ ಹಾಕ್ಕೊಳ್ಳಲಿ." ತೆರೆದ ಕಂಕುಳಿನೊಳಗೆ ಬೆರಳು ತೂರಿಸಿ ಆಡಿಸಿದಳು. "ಇಷ್ಟಗಲ ಬಾಯಿ ಬಿಟ್ಟಿದೆ, ನನ್ನ ಕಣ್ಣಿಗೆ ಕಂಡಿಲ್ಲ ನೋಡು. ಪಾಪ, ಯಾವ ಹೆಣ್ಣುಮಗಳೋ, ಆಸೆಪಟ್ಟು ತರಿಸಿಕೊಂಡು ನಾಲ್ಕು ಜನರ ಮುಂದೆ ಹಾಕ್ಕೊಂಡು ಹೋಗಿರ್ತಾಳೆ. ಕೈ ಎತ್ತಿದರೆ ಹೀಗೆ. ಎಷ್ಟು ನಾಚಿಕೆ ಆಗಿರುತ್ತೋ ಅವಳಿಗೆ."

ಆ ಹೆಣ್ಣುಮಗಳು ಇಸ್ತ್ರಿ ಪೆಟ್ಟಿಗೆಯ ಹಿಂದೆ ನಿಂತು ಬೆವರುತ್ತಿದ್ದಳು.

"ನೀನೂ ಕೆಂಪು ತರಿಸಿದ್ದೆ ಅಲ್ವಾ?" ಅಕ್ಕ ಕೇಳಿದಳು. "ನಿಂದು ಹೇಗಿದೆ? ಹೊಲಿಗೆ ಬಿಟ್ಟಿಲ್ಲ ತಾನೇ?"

"ಇಲ್ಲ. ಗಟ್ಟಿಯಾಗಿದೆ."

"ತೋರಿಸು."

"ಒಗೆಯೋಕೆ ಹಾಕಿದೀನಿ."

"ಹಳದಿ?"

"ಅದೂ... ಒಗೆಯೋಕೆ."

"ಎಲ್ಲಾ ಒಂದೇ ದಿನ ಒಗೀತೀಯ, ಪುಣ್ಯಾತ್ಗಿತ್ತಿ! ಹೋಗ್ಲಿ ಬಿಡು, ನಿಂದಾದರೂ ಚೆನ್ನಾಗಿದೆಯಲ್ಲ. ಹಾಗಿದ್ದರೆ ಎಲ್ಲಾನೂ ನಾನು ಕೆಡಿಸಿಲ್ಲ." ಅಕ್ಕನ ಮುಖ ಒಂದಿಷ್ಟು ಅರಳಿತು. ಕತ್ತರಿಗೆ ಅದನ್ನು ನೋಡಲಾಗಲಿಲ್ಲ. ಟೀ ಇಡುತ್ತೇನೆಂದು ಒಳಗೆ ಹೋದಳು. ಒಲೆ ಹಚ್ಚದೆ ಪಾತ್ರೆಯನ್ನು ಅದರ ಮೇಲಿಟ್ಟು, ನೀರು ಕುದಿಯುವುದನ್ನೇ ಕಾಯುತ್ತ ನಿಂತಳು.

ಆಗ ಬಾಗಿಲ ಗಂಟೆ ಬಡಿಯಿತು.

ಪಾರ್ಸಲ್ಲಿನವನ ಗಂಟಲು ಸಾಮಾನ್ಯದ್ದಲ್ಲ. ಮೂರನೆಯ ಮಹಡಿಯ ಕಿವುಡಜ್ಜನೂ ಅವನಿಗೆ ಓಗೊಡುತ್ತಿದ್ದ. ಕತ್ತರಿ ಓಡಿ ಬರುವಷ್ಟರಲ್ಲಿ ಅವನು ಫೋನು ನೋಡಿಕೊಂಡು ಸಾರಿಬಿಟ್ಟಿದ್ದ: "ಮೇಡಂ, ವಾಪಸ್ ಒಂದಿದೆ! ಉಬ್ಬುತೋಳಿನ ಟಾಪು, ಹಸಿರು! ಕಾರಣ, ಹೊಲಿಗೆ ಬಿಟ್ಟಿದೆ!"

ಅಕ್ಕ ಸ್ಟೂಲಿನಿಂದ ಎದ್ದಳು. "ನಿಂದೂ ಬಿಟ್ಟಿದೆಯಾ? ಮತ್ತೆ ಗಟ್ಟಿಯಾಗಿದೆ ಅಂದೆ?" ಮೊಳೆಯಿಂದ ಚೀಲ ತೆಗೆದು ಟಾಪು ಹೊರಗೆಳೆದಳು. "ನಂಬರು ನೋಡೇ. ನನಗೆ ಕಣ್ಣು ಮಂಜು. ಆ ಇನ್ನೊಬ್ಬಳದು ಮೂವತ್ತೆಂಟು. ಮೂವತ್ತೆಂಟು ತಾನೇ?"

ಕತ್ತರಿ ಒಳಮಗ್ಗುಲು ತಿರುಗಿಸಿದಳು. ನಾಲ್ಕು ಟಾಪು ಬಿಚ್ಚಿದ್ದರೂ ಆ ಚೀಟಿಯನ್ನು ಅವಳು ಒಮ್ಮೆಯೂ ಓದಿರಲಿಲ್ಲ. ಓದಿದಳು.

"ನಲವತ್ತೊಂದು."

ಅಕ್ಕ ಟಾಪನ್ನು ನೀಟಾಗಿ ಮಡಿಸಿ, ಚೀಲಕ್ಕೆ ಹಾಕಿ, ಪಾರ್ಸಲ್ಲಿನವನ ಕಡೆ ಚಾಚಿದಳು.

"ತಗೊಳ್ಳಪ್ಪ."

"ಅಕ್ಕ! ಇದು ಹೋದರೆ ನಿನ್ನ ಕೆಲಸ..."

"ಹೋಗುತ್ತೆ. ಅದಕ್ಕೆ ನಿನ್ನ ದುಡ್ಡು ನೀನ್ಯಾಕೆ ಕಳಕೋಬೇಕು? ಹರಿದಿದ್ದು ಹರಿದಿದ್ದೇ. ನೋಡದೆ ಚೀಟಿ ಅಂಟಿಸಿದ್ದು ನಾನು."

ಪಾರ್ಸಲ್ಲಿನವನು ಕೈ ಚಾಚಿದ. ಅಷ್ಟರಲ್ಲಿ ಕತ್ತರಿ ಚೀಲವನ್ನು ಎಂಥ ರಭಸದಲ್ಲಿ ಕಸಿದಳೆಂದರೆ ಅವನ ಟೋಪಿಯೂ ಜೊತೆಗೆ ಬಂತು. ಟಾಪು ಹೊರಗೆಳೆದು, ಬಿಟ್ಟ ಹೊಲಿಗೆಯನ್ನು ಅಕ್ಕನ ಬೆರಳುಗಳ ನಡುವೆ ಇಟ್ಟಳು.

"ಕನ್ನಡಕ ತೆಗಿ. ಮುಟ್ಟಿ ನೋಡು."

"ಏನು ನೋಡೋದು, ಬಿಟ್ಟಿದೆ."

"ಎರಡೂ ತುದಿ ಮುಟ್ಟು."

ಅಕ್ಕ ಮುಟ್ಟಿದಳು. ಹೆಬ್ಬೆರಳು ಒಂದು ತುದಿಯಲ್ಲಿ ನಿಂತಿತು. ನಿಧಾನಕ್ಕೆ ಇನ್ನೊಂದು ತುದಿಗೆ ಹೋಗಿ ಅಲ್ಲಿಯೂ ನಿಂತಿತು. ಎರಡೂ ಕಡೆ ಸಾಸಿವೆ ಕಾಳಿಗಿಂತ ಸಣ್ಣ ಗಂಟು. ಎರಡು ಸುತ್ತು ಸುತ್ತಿ, ನೂಲಿನ ತುದಿಯನ್ನು ಮಡಿಕೆಯೊಳಗೆ ಎಳೆದು ಬಚ್ಚಿಟ್ಟಿದ್ದು. ಕಣ್ಣಿಗೆ ಕಾಣುವ ಗಂಟಲ್ಲ, ಬೆರಳಿಗೆ ಮಾತ್ರ ಸಿಗುವಂಥದ್ದು.

ಅವರಪ್ಪ ದರ್ಜಿ. ಇಬ್ಬರೂ ಹೆಣ್ಣುಮಕ್ಕಳನ್ನು ಯಂತ್ರದ ಎರಡು ಪಕ್ಕ ಕೂರಿಸಿಕೊಂಡು ಮೊದಲು ಕಲಿಸಿದ್ದು ಹೊಲಿಯುವುದನ್ನಲ್ಲ, ಬಿಚ್ಚುವುದನ್ನು. "ಬಿಚ್ಚೋಕೆ ಇಲಿಗೂ ಬರುತ್ತೆ. ಬಿಚ್ಚಿದ್ದು ಮುಂದಕ್ಕೆ ಓಡದ ಹಾಗೆ ಕಟ್ಟೋಕೆ ಬರಬೇಕು" ಎಂದು, ಗಂಟು ಮರೆತರೆ ಮರದ ಸ್ಕೇಲಿನಿಂದ ಗೆಣ್ಣಿಗೆ ಕೊಡುತ್ತಿದ್ದ. ಆ ಪೆಟ್ಟು ಕತ್ತರಿಯ ಬೆರಳಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಸುಳ್ಳು ಹೇಳಲೆಂದು ಬಿಚ್ಚುವಾಗಲೂ ಕೈ ತಾನಾಗಿ ಎರಡು ತುದಿಗೂ ಗಂಟು ಹಾಕಿತ್ತು. ತಾನಾಗಿ ಬಿಟ್ಟ ಹೊಲಿಗೆಗೆ ಯಾರು ಗಂಟು ಹಾಕುತ್ತಾರೆ?

ಅಕ್ಕ ಕೆಂಪು ಟಾಪು ಎತ್ತಿಕೊಂಡಳು. ಎರಡೂ ತುದಿ ಮುಟ್ಟಿದಳು.

"ಮೂರೂ ನಿಂದೇನಾ?"

"ಮೂರೂ."

"ಅಪ್ಪನ ಗಂಟು ಹಾಕಿ ಸುಳ್ಳು ಹೇಳಿದೆಯಲ್ಲೇ."

"ಕಂಪನಿಗೆ ಅಂದುಕೊಂಡಿದ್ದೆ ಅಕ್ಕ. ನಿನಗೆ ಬರುತ್ತೆ ಅಂತ..."

"ಕಂಪನಿ ಅಂದರೆ ಯಾರೇ? ನನಗೆ ಬರದಿದ್ದರೆ ಮೂವತ್ತೆಂಟಕ್ಕೆ ಬರ್ತಿತ್ತು. ಅವಳಿಗೂ ಎರಡು ಕಾಲಿದೆ." ಅಕ್ಕ ಊದಿದ ಪಾದವನ್ನು ಚಪ್ಪಲಿಯಿಂದ ಬಿಡಿಸಿದಳು. "ಇಷ್ಟು ಅಗ್ಗಕ್ಕೆ ಹೇಗೆ ಕೊಡ್ತಾರೋ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆಯಲ್ಲ, ನೋಡು. ಹೀಗೆ ಕೊಡ್ತಾರೆ."

ಬಾಗಿಲಲ್ಲಿ ಕೆಮ್ಮು ಕೇಳಿಸಿತು. "ಮೇಡಂ, ವಾಪಸ್ ಕೊಡ್ತೀರೋ, ಕ್ಯಾನ್ಸಲ್ಲೋ? ಟೋಪಿನಾದರೂ ಕೊಡಿ."

"ಕ್ಯಾನ್ಸಲ್" ಎಂದಳು ಕತ್ತರಿ. ಜಗತ್ತಿನಲ್ಲೇ ಅತಿ ಸಣ್ಣ ದನಿ ಅದು.

ಅವನು ಹೋದ ಮೇಲೆ ಅವಳು ಫೋನು ಹಿಡಿದು ಕೂತು, ಹಳೆಯ ಮೂರು ದೂರುಗಳನ್ನು ತಿದ್ದಲು ನೋಡಿದಳು. ಕಾರಣಗಳ ಪಟ್ಟಿ ಇತ್ತು. ಅಳತೆ ಸರಿಯಿಲ್ಲ, ಬಣ್ಣ ಬೇರೆ, ಇಷ್ಟವಾಗಲಿಲ್ಲ, ಹೊಲಿಗೆ ಬಿಟ್ಟಿದೆ. 'ತಪ್ಪು ನನ್ನದು' ಎಂದು ಒತ್ತಲು ಎಲ್ಲಿಯೂ ಜಾಗವಿರಲಿಲ್ಲ.

"ನಾಳೆ ನಾನೂ ಕಾರ್ಖಾನೆಗೆ ಬರ್ತೀನಿ" ಎಂದಳು.

"ಬಾ" ಎಂದಳು ಅಕ್ಕ. ಹೋಗುವಾಗ ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಟೀ ಕೇಳಲಿಲ್ಲ.

ಸೋಮವಾರ ಕತ್ತರಿ ಸೂಪರ್‌ವೈಸರನ ಮೇಜಿನ ಮುಂದೆ, ಇಡೀ ಹಾಲಿನ ಕಣ್ಣೆದುರು, ಹಸಿರು ಟಾಪಿನ ಇನ್ನೊಂದು ಕಂಕುಳನ್ನು ಬಿಚ್ಚಿ ತೋರಿಸಿದಳು. ಅವಳ ಜನ್ಮದಲ್ಲೇ ಅಷ್ಟು ನಿಧಾನವಾಗಿ ಬೆರಳು ಆಡಿರಲಿಲ್ಲ. ಬಿಚ್ಚಿ ಮುಗಿದಾಗ ಕೈ ತಾನಾಗಿ ಎರಡು ಗಂಟು ಹಾಕಿತು. ಹತ್ತಿರ ನಿಂತಿದ್ದ ಹೆಂಗಸರಲ್ಲಿ ಒಬ್ಬಳು, "ಅಯ್ಯೋ ಪಾಪಿ, ಎಂಥ ಚೆನ್ನಾಗಿ ಬಿಚ್ಚುತ್ತಾಳೆ!" ಎಂದಳು. ಇನ್ನೊಂದು ದಿನವಾಗಿದ್ದರೆ ಕತ್ತರಿ ಆ ಮಾತನ್ನು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಿದ್ದಳು.

ಸೂಪರ್‌ವೈಸರ್ ತಲೆ ಕೆರೆದುಕೊಂಡ. "ಬರೆದುಕೊಡಿ." ನಾನೇ ಬಿಚ್ಚಿದ್ದು, ನಾಲ್ಕನ್ನೂ, ಎಂದು ಬರೆದು ಸಹಿ ಹಾಕಿದಳು. ಅವನು ಓದಿ ಡ್ರಾಯರಿಗೆ ಹಾಕಿದ. "ಸರಿ, ಮನೆಗೆ ಕಳಿಸಲ್ಲ. ಕುರ್ಚಿ ಮಾತ್ರ ಈಗ ಬೇರೆಯವಳಿಗೆ ಕೊಟ್ಟಾಗಿದೆ. ಖಾಲಿಯಾದಾಗ ನೋಡೋಣ."

"ಯಾವಾಗ ಖಾಲಿಯಾಗುತ್ತೆ?"

"ಇನ್ನೊಬ್ಬಳ ಪೀಸು ವಾಪಸ್ ಬಂದಾಗ."

ಅಕ್ಕ ಆಗಲೇ ತನ್ನ ಸಾಲಿಗೆ ಹೋಗಿ ನಿಂತಿದ್ದಳು. ಅದು ಗೋಡೆಯಿಂದ ಗೋಡೆಯವರೆಗೆ ಚಾಚಿದ ಸಾಲು. ಎಲ್ಲರ ಕೈಯಲ್ಲೂ ಸಣ್ಣ ಕತ್ತರಿ, ಎಲ್ಲರ ಪಾದದಡಿ ಕತ್ತರಿಸಿ ಬಿದ್ದ ನೂಲು. ಎಲ್ಲರೂ ಭಾರವನ್ನು ಎಡಗಾಲಿಂದ ಬಲಗಾಲಿಗೆ, ಬಲಗಾಲಿಂದ ಎಡಗಾಲಿಗೆ ಸಾಗಿಸುತ್ತಿದ್ದರು. ಅವರ ಮುಂದೆ ಉಬ್ಬುತೋಳಿನ ಟಾಪುಗಳು ರಾಶಿ ಬಿದ್ದಿದ್ದವು, ಈ ಸಲ ನೇರಳೆ.

ಕತ್ತರಿ ಹೊರಗೆ ಬಂದಳು. ಅಂಗಡಿಗೆ ಹೋಗಲಿಲ್ಲ. ಕಾರ್ಖಾನೆಯ ಗೇಟಿನ ಪಕ್ಕ ಒಂದು ಬೆಂಚಿತ್ತು, ನೆರಳೂ ಇತ್ತು. ಕೂರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಸೈರನ್ನಿನವರೆಗೆ ನಿಂತೇ ಇದ್ದಳು. ಇಷ್ಟು ಹೊತ್ತು ಕಥೆ ಹೇಳುತ್ತ ಬೆಕ್ಕು ಓಡಿದ್ದು, ಟೋಪಿ ಹಾರಿದ್ದು ಎಂದೆಲ್ಲ ಉಪ್ಪುಖಾರ ಹಚ್ಚಿದ್ದುಂಟು. ಈ ನಿಂತ ಲೆಕ್ಕಕ್ಕೆ ಮಾತ್ರ ಒಂದು ನಿಮಿಷವನ್ನೂ ಸೇರಿಸಿಲ್ಲ.

ಸೈರನ್ ಕೂಗಿತು. ಹೆಂಗಸರ ನಡುವೆ ಅಕ್ಕ ಕುಂಟುತ್ತ ಬಂದು, ತಂಗಿಯನ್ನು ಕಂಡು ನಿಂತಳು.

"ಹೋಗಲಿಲ್ವಾ ನೀನು?"

"ಇಲ್ಲ."

"ಬೆಂಚಿತ್ತಲ್ಲೇ, ಕೂತ್ಕೋಬಾರದಿತ್ತಾ?"

ಕತ್ತರಿ ಭಾರವನ್ನು ಎಡಗಾಲಿಂದ ಬಲಗಾಲಿಗೆ ಸಾಗಿಸಿದಳು. ಅಕ್ಕ ಅವಳ ಪಾದ ನೋಡಿದಳು.

"ನೋಯ್ತಿದೆಯಾ?"

"ಹೂಂ."

"ಹೂಂ" ಎಂದಳು ಅಕ್ಕನೂ. ಇಬ್ಬರೂ ತುಂಬ ನಿಧಾನಕ್ಕೆ ಬಸ್ ಸ್ಟಾಪಿನ ಕಡೆ ನಡೆದರು.