ಏಳನೇ ವಿಕೆಟ್ಟಿನ ಜೊತೆಯಾಟ

ದೇಶದ ತಂಡ ಬ್ಯಾಟ್ ಹಿಡಿಯಿತೆಂದರೆ ತಮ್ಮನ ಕಣ್ಣು ಟಿವಿಗೆ ಅಂಟುತ್ತಿತ್ತು, ಕೈಯ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಆ ವರ್ಷವಿಡೀ ಅದೇ ಗೋಳು. ಮೊದಲಿನವನು ಬಂದು ಗ್ಲೌಸ್ ಸರಿಮಾಡಿಕೊಳ್ಳುವಷ್ಟರಲ್ಲಿ ವಾಪಸ್, ಎರಡನೆಯವನು ಅವನ ಬೆನ್ನಿಗೇ. ಬಂದ ಪುಟ್ಟ ಹೋದ ಪುಟ್ಟ.

ಅಣ್ಣತಮ್ಮಂದಿರದು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ತಮ್ಮ ಬಿಚ್ಚುವವನು, ಜೋಡಿಸುವವನು. ಸುತ್ತುವುದು ಮಾತ್ರ ಅಣ್ಣನೇ. ಅವನ ಬಲಗೈಯಲ್ಲಿ ತಾಮ್ರದ ತಂತಿ ನೂಲಿನಂತೆ ಬಾಗುತ್ತಿತ್ತು. ಟಿವಿ ಇದ್ದದ್ದು ಗೋಡೆಯ ಹಲಗೆಯ ಮೇಲೆ, ರಿಪೇರಿಗೆ ಬಂದ ಎರಡು ಫ್ಯಾನುಗಳ ನಡುವೆ.

ಆಟಕ್ಕೆಂದು ತಮ್ಮ ಅಂಗಡಿಯಲ್ಲಿ ಒಂದು ಕಾನೂನು ಮಾಡಿದ್ದ. ಇಬ್ಬರು ಬ್ಯಾಟ್ಸ್‌ಮನ್‌ಗಳು ನೆಲೆಯೂರಿ ಆಡುತ್ತಿದ್ದರೆ ಯಾರೂ ಇದ್ದ ಜಾಗ ಬಿಟ್ಟು ಕದಲಬಾರದು. ಎದ್ದರೆ ವಿಕೆಟ್ ಬೀಳುತ್ತದೆ. ಗಿರಾಕಿಯೊಬ್ಬ ಒಮ್ಮೆ ಮಿಕ್ಸಿ ಹಿಡಿದುಕೊಂಡು ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದ. ಒಳಗೆ ಬರಲೂ ಬಿಡಲಿಲ್ಲ, ಹೋಗಲೂ ಬಿಡಲಿಲ್ಲ. ಅಣ್ಣನಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ತಮ್ಮನ ಸಮಾಧಾನಕ್ಕೆ ಕೂತಿರುತ್ತಿದ್ದ.

ಆ ದಿನ ಟೆಸ್ಟ್ ಪಂದ್ಯದ ಕೊನೆಯ ದಿನ. ದಿನವಿಡೀ ನಿಂತರೆ ಸಾಕು, ಗೆಲ್ಲುವ ಮಾತೇ ಇಲ್ಲ. ಊಟದ ವಿರಾಮ ಮುಗಿದು ಮೊದಲ ಓವರಿನಲ್ಲೇ ಆರನೆಯವನೂ ಹೋದ.

"ಹೊರಗೆ ಹೋಗೋ ಬಾಲಿಗೆ ಬ್ಯಾಟ್ ಯಾಕೋ ಚಾಚ್ತೀಯ? ಬೀದೀಲಿ ಹೋಗೋ ಜಗಳಾನ ಕೈ ಹಿಡಿದು ಮನೆಯೊಳಗೆ ಕರ್ಕೊಂಡು ಬಂದ ಹಾಗೆ!" ತಮ್ಮ ಸ್ಕ್ರೂಡ್ರೈವರನ್ನು ಮೇಜಿಗೆ ಕುಟ್ಟಿದ.

"ಅವನಿಗೇನೂ ಕೇಳ್ಸಲ್ಲ ಬಿಡು. ಮೇಜು ನಮ್ದು," ಅಂದ ಅಣ್ಣ.

ಪಕ್ಕದ ಪಂಕ್ಚರ್ ಅಂಗಡಿಯವನು ನಕ್ಕ. ಆಟವಿದ್ದ ದಿನ ಅವನ ವಾಸ ಇಲ್ಲೇ.

ವಿಕೆಟ್ ಕೀಪರನಿಗೆ ಜೊತೆಯಾಗಿ ಒಬ್ಬ ಬೌಲರ್ ಬಂದ. ಎರಡು ಓವರ್ ದಾಟಿತು, ಮೂರನೆಯದು ಶುರುವಾಯಿತು. ಆಗ ಅಣ್ಣನ ಬೆರಳಿನಿಂದ ತಂತಿ ಜಾರಿ ನೆಲಕ್ಕೆ ಬಿತ್ತು.

"ಕೈ ಯಾಕೋ ಜೋಮು ಹಿಡಿದಿದೆ ಕಣೋ. ಸ್ವಲ್ಪ ಹೊರಗೆ ಓಡಾಡಿ ಬರ್ತೀನಿ."

"ಏಳ್ಬೇಡ ಅಣ್ಣ! ಈಗಷ್ಟೇ ನಿಂತಿದಾರೆ."

"ತಲೇನೂ ಒಂಥರಾ ಆಗ್ತಿದೆ..."

"ನಿನ್ ಕೈ ಮುಗೀತೀನಿ, ಕೂತ್ಕೋ."

"ಕೂತ್ಕೊಳ್ಳಿ ಅಣ್ಣಾ, ನೀವೆದ್ರೆ ದೇಶ ಬೀಳುತ್ತೆ," ಅಂದ ಪಂಕ್ಚರಿನವನು.

ಅಣ್ಣ ನಕ್ಕ. ನಗು ಒಂದೇ ಕಡೆಗೆ ಎಳೆದಿತ್ತು. ತಮ್ಮನ ಕಣ್ಣು ಟಿವಿಯಲ್ಲಿತ್ತು.

ಆಮೇಲೆ ಆ ಇಬ್ಬರು ಗೋಡೆ ಕಟ್ಟಿದ ಹಾಗೆ ಆಡಿದರು. ಟೀ ವಿರಾಮವೂ ಬಂತು; ಜೋಡಿ ಮುರಿಯದ ಹೊರತು ಆಗಲೂ ಏಳುವಂತಿಲ್ಲ, ಟೀ ಹುಡುಗ ಬಾಗಿಲಿಂದಲೇ ಲೋಟ ಚಾಚಿದ. ಅಣ್ಣ ಏನೋ ಗೊಣಗಿದ, ಮಾತು ತೊದಲಿತು.

"ಬಾಯಲ್ಲಿ ಬಿಸ್ಕತ್ ಇಟ್ಕೊಂಡು ಮಾತಾಡ್ಬೇಡ," ಎಂದು ತಮ್ಮ ಟೀ ಲೋಟವನ್ನು ಅವನ ಪಕ್ಕದಲ್ಲಿಟ್ಟ. ಬಿಸ್ಕತ್ತನ್ನು ಇನ್ನೂ ಯಾರೂ ತಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣನ ತಲೆ ಹೆಗಲಿಗೆ ವಾಲಿತು. ನಿದ್ದೆ ಬಂತು, ಒಳ್ಳೇದೇ ಆಯಿತು, ಅಲುಗಾಡುವುದಿಲ್ಲ ಅಂದುಕೊಂಡ ತಮ್ಮ.

ಸಂಜೆಯ ಹೊತ್ತಿಗೆ ಕೀಪರ್ ಎಲ್‌ಬಿಡಬ್ಲ್ಯೂ ಆದ.

"ಹೋಯ್ತು! ಏಳಣ್ಣ ಇನ್ನು, ಎಲ್ಲಿಗೆ ಬೇಕಾದ್ರೂ ಹೋಗು."

ಅಣ್ಣ ಏಳಲು ಹೋಗಿ ಬಲಗಡೆಗೆ ಕುಸಿದ. ತಂತಿಯ ಉರುಳೆಗಳು ಅವನ ಮೇಲೆ ಬಿದ್ದವು. ಆಗ ತಮ್ಮ ಮೊದಲ ಸಲ ಅವನ ಮುಖ ನೋಡಿದ.

ಪಂಕ್ಚರಿನವನ ವ್ಯಾನಿನಲ್ಲೇ ಆಸ್ಪತ್ರೆಗೆ ಹೋದರು. ದಾರಿತುಂಬ ಕೆಲಸ ಮುಗಿಸಿ ಹೊರಟವರ ಗಾಡಿಗಳು; ವ್ಯಾನ್ ತೆವಳುತ್ತ ಸಾಗಿತು. ಸ್ಕ್ಯಾನ್ ಮುಗಿಸಿ ಡಾಕ್ಟರಮ್ಮ ಹೊರಗೆ ಬರುವಷ್ಟರಲ್ಲಿ ಅತ್ತಿಗೆಯೂ ಓಡೋಡಿ ಬಂದು ತಮ್ಮನ ಪಕ್ಕ ನಿಂತಿದ್ದಳು.

"ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ. ಕರಗಿಸೋ ಇಂಜೆಕ್ಷನ್ ಇದೆ. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು. ತಡವಾದ ಮೇಲೆ ಕೊಟ್ರೆ ತಲೆಯೊಳಗೆ ರಕ್ತ ಸೋರಿ ಜೀವಕ್ಕೇ ಅಪಾಯ. ಯಾವಾಗ ಶುರುವಾಯ್ತು?"

"ಈಗಷ್ಟೇ ಡಾಕ್ಟ್ರೇ," ಪಂಕ್ಚರಿನವನು ಬಾಯಿ ಹಾಕಿದ. "ಬಿದ್ರು, ಎತ್ಕೊಂಡು ಬಂದ್ವಿ."

ಅತ್ತಿಗೆ ಎರಡೂ ಕೈ ಎದೆಗೆ ಒತ್ತಿಕೊಂಡು, "ಸದ್ಯ, ಬೇಗ ಕೊಡಿ ಅಮ್ಮ," ಅಂದಳು.

ಡಾಕ್ಟರಮ್ಮ ಒಳಗಿದ್ದ ನರ್ಸಿಗೆ ಔಷಧಿ ತೆಗೆಯಲು ಹೇಳಿದರು. ಒಳಗೆ ಕಪಾಟು ತೆರೆದ ಸದ್ದು ತಮ್ಮನಿಗೆ ಕೇಳಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಣ್ಣ ಬದುಕಿದರೂ ಬದುಕಿಯಾನು. ಸತ್ತರೆ, ಕಾಯಿಲೆ ಕೊಂದಿತು ಅನ್ನುತ್ತಾರೆ.

"ಬೇಡ, ಕೊಡ್ಬೇಡಿ." ಧ್ವನಿ ಅವನದೇ ಅನ್ನಿಸಲಿಲ್ಲ. "ಆಗ್ಲೇ ಶುರುವಾಗಿತ್ತು. ಆರನೇ ವಿಕೆಟ್ ಬಿದ್ದು ಮೂರನೇ ಓವರ್."

"ಏನ್ರೀ ಹೇಳ್ತಿದೀರಾ? ಗಂಟೆ ಹೇಳಿ."

ಅವನಿಗೆ ಗಂಟೆ ಗೊತ್ತಿರಲಿಲ್ಲ. ಇಡೀ ದಿನ ಅವನು ಗಡಿಯಾರ ನೋಡಿದವನೇ ಅಲ್ಲ. ಸ್ಟ್ರೆಚರ್ ಹಿಡಿದಿದ್ದ ವಾರ್ಡಿನವನು ತಲೆ ತಗ್ಗಿಸಿ, "ಊಟದ ವಿರಾಮ ಮುಗಿದ ಸ್ವಲ್ಪಕ್ಕೇ, ಮೇಡಂ. ನಾನೂ ನೋಡ್ತಿದ್ದೆ," ಅಂದ.

ಡಾಕ್ಟರಮ್ಮ ಲೆಕ್ಕ ಹಾಕಿದರು. ನರ್ಸಿನ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದರು. "ಹೊತ್ತು ಮೀರಿದೆ. ಜೀವ ಉಳಿಸೋಕೆ ನೋಡ್ತೀವಿ. ಬಲಗೈ, ಮಾತು, ಇವನ್ನ ಈಗ್ಲೇ ಹೇಳೋಕಾಗಲ್ಲ." ಅವರು ಒಳಗೆ ಹೋದರು. ಪಂಕ್ಚರಿನವನು ವ್ಯಾನ್ ನೋಡಿ ಬರುತ್ತೇನೆಂದು ಮೆಲ್ಲನೆ ಜಾಗ ಖಾಲಿ ಮಾಡಿದ.

"ಅವರು ಏಳ್ತೀನಿ ಅಂದಿದ್ರಾ?" ಅತ್ತಿಗೆ ಕೇಳಿದಳು.

"ಅಂದಿದ್ದ."

"ನೀನೇನಂದೆ?"

"ಕೂತ್ಕೋ ಅಂದೆ, ಅತ್ತಿಗೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲು ಒಂದಿಷ್ಟು ಜಾಗ ಸಿಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆ ನೋಡುತ್ತ ನಿಂತಳು.

ಕತ್ತಲಾಗುವ ಮುಂಚೆ ಅಣ್ಣನನ್ನು ವಾರ್ಡಿಗೆ ತಂದರು. ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಬೇಕು, ಒಬ್ಬರಿಂದ ಆಗುವುದಿಲ್ಲ ಅಂದಳು ನರ್ಸ್. ತಮ್ಮ ಬಾಗಿಲ ಹೊರಗೇ ನಿಂತಿದ್ದ, ಒಳಗೆ ಕಾಲಿಡಲಾಗದೆ.

"ಬಾ ಒಳಗೆ," ಅಂದಳು ಅತ್ತಿಗೆ, ಅವನತ್ತ ನೋಡದೆ. "ನಿಜ ಹೇಳಿದ್ದಕ್ಕೆ ಕರೀತಿದೀನಿ. ಸುಳ್ಳು ಹೇಳಿದ್ರೆ ಈ ಬಾಗಿಲು ತುಳಿಯೋಕೆ ಬಿಡ್ತಿರ್ಲಿಲ್ಲ. ಹೆಗಲು ಹಿಡ್ಕೋ. ಬಲಗೈ ಎಳೀಬೇಡ, ನೋವಾದ್ರೂ ಅವರಿಗೆ ಗೊತ್ತಾಗಲ್ಲ."

ತಮ್ಮ ಹೆಗಲ ಕೆಳಗೆ ಕೈ ಹಾಕಿದ. ಇಬ್ಬರೂ ಸೇರಿ ಅಣ್ಣನನ್ನು ಗೋಡೆಯ ಕಡೆಗೆ ಹೊರಳಿಸಿದರು. ಬಲಗೈ ಮಾತ್ರ ಹಿಂದೆಯೇ ಉಳಿಯಿತು. ಅದನ್ನು ಬೇರೆಯಾಗಿ ಎತ್ತಿ ಮುಂದೆ ತಂದಿಡಬೇಕಾಯಿತು.