ನೀರು ತಂದವನ ದಾಖಲೆ

ತಂಬಿಗೆಗೆ ಹೋದ ಮಾನ ಶಾಲು ಹೊದಿಸಿದರೂ ಬಾರದು, ಗಾದೆ ಹೀಗಿಲ್ಲ, ಇರಲಿ, ಕಥೆ ಮಾತ್ರ ಖರೇ, ಕುತ್ತಿಗೆಗೆ ಚುಚ್ಚುವ ಈ ಸನ್ಮಾನದ ಶಾಲಿನಷ್ಟೇ ಖರೇ — ನಾಗಸೇನ ಅಂಚು ಸರಿಸಿಕೊಂಡ, ಬೀದರಿನ ಈ ಸಭಾಭವನದ ಫ್ಯಾನು ಟಕ್ ಟಕ್ ಅನ್ನುತ್ತದೆ, ಬೆನ್ನ ಹಿಂದಿನ ಬ್ಯಾನರಿನಲ್ಲಿ ಅವನದೇ ಫೋಟೋ, ಕೆಳಗೆ ನಲವತ್ತೊಂದು ಡಬಲ್ ಪ್ಲೇ, ಜಿಲ್ಲೆಯ ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಯಾವ ಪಿಚರನಿಗೂ ಇಲ್ಲದ್ದು, ಚೆಂಡನ್ನು ಮೊಣಕಾಲ ಕೆಳಗೆ ಎಸೆಯಬೇಕು, ಬ್ಯಾಟಿನವ ನೆಲಕ್ಕೇ ಬಾರಿಸಬೇಕು, ಅವನ ಮುಂದೆ ಕೆಂಪು ಮಣ್ಣಲ್ಲಿ ರೊಟ್ಟಿಯಗಲದ ಹಸಿ, ಅಲ್ಲೇ ಬಿದ್ದು ಉರುಳುತ್ತಿತ್ತು ಚೆಂಡು, ಮೈದಾನದ ನಡುವೆ ನಿಂತ ಹಾವಗೆಪ್ಪ ಹಿಡಿದು ಎರಡನೇ ಬೇಸ್‌ಗೆ ಎಸೆದರೆ, ಅಲ್ಲಿಂದ ಮೊದಲನೆಯದಕ್ಕೆ, ಒಂದೇ ಚೆಂಡಿಗೆ ಇಬ್ಬರು ಔಟು, ಅದೇ ಡಬಲ್ ಪ್ಲೇ, ಬೆರಳಿನ ಜಾದೂ ಅಂದರು ಜನ, ಅವನೂ ಅಂದುಕೊಂಡ, ಮುಂದಿನ ಸಾಲಿನಲ್ಲಿ ಕೂತ ಮಗಳು ಸೋನಾಲಿಗೂ ಅದೇ ಬೆರಳು ಕಲಿಸಿದ, ನಾಡಿದ್ದು ಅವಳ ಆಯ್ಕೆ ಪಂದ್ಯ — ಮೈಕಿನ ಮುಂದೆ ಈಗ ಖಾಲಿದಭಾಯ್, ಹನ್ನೆರಡು ವರ್ಷ ಅವನೆದುರು ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿದ ಕ್ಯಾಚರ್, ಯಾರ ದನಿಯನ್ನಾದರೂ ತೆಗೆಯುವವ, ಇವತ್ತು ತೆಗೆದದ್ದು ನಾಗಸೇನನದೇ, ಮೂಗಿನೊಳಗಿನ ಆ ದನಿ, ಖಾಲಿದಭಾಯ್, ಧೂಳ ಭಾಳ ಅದರಿ, ನೀರ ತರ್ತೇನ್ರಿ, ಸಭೆ ನಕ್ಕಿತು, ಮತ್ತೆ ತನ್ನ ದನಿಗೆ ಮರಳಿ, ನಮ್ಮ ಕೆಂಪು ಮಣ್ಣು ಹಂಚಿನಂಗ ಗಟ್ಟಿರಿ, ಬಾಲ್ ಬಿತ್ತಂದ್ರ ತಲಿ ಮ್ಯಾಲ ಹಾರ್ತದ, ನಾ ಬ್ಯಾಟಿನವನ ಮುಂದ ಒಂದು ತಂಬಿಗಿ ನೀರು ಸುರುವತಿದ್ದೆ, ಬಾಲ್ ಬೆಕ್ಕಿನಂಗ ಹಾವಗೆಪ್ಪನ ಕೈಗೆ ಹೋಗ್ತಿತ್ತು, ಹೇಳಿದ್ರ ಇವನ ಧಿಮಾಕು ಇಳೀತಿತ್ತು, ಅದಕ ಧೂಳಿಗಿ ಅಂತ ಹೇಳಿದ್ದೆ, ಪಾಪ, ಪ್ರತಿ ಮ್ಯಾಚಿಗಿ ತಾನೇ ತುಂಬಿ ತಂದ — ಧೂಳಿಗೆ, ಹೌದು, ನನಗ ದಮ್ಮು ಅದ ನಾಗ್ಯಾ ಅಂದಿದ್ದ ಖಾಲಿದಭಾಯ್, ಆ ಉಬ್ಬಸದ ಚಿಂತೆಗೆ ನಾಗಸೇನ ನಳದ ತನಕ ಓಡಿದ್ದ, ತುಳುಕದ ಹಾಗೆ ಅಂಗೈ ಮುಚ್ಚಿ ತಂದಿದ್ದ, ಹಾಗಾದರೆ ತಂಬಿಗೆಯಿಲ್ಲದೆ ಬಂದ ಭಾಲ್ಕಿಯ ಮೂರು ಡಬಲ್ ಪ್ಲೇ, ಅವತ್ತು ಮುಂಜಾನೆ ಅಲ್ಲಿ ಮಳೆ ಬಂದಿತ್ತಲ್ಲ, ಉಳಿದ ಮೂವತ್ತೆಂಟೂ ಬೀದರಿನವು, ಔರಾದಿನಲ್ಲಿ, ಹುಟ್ಟಿದೂರಿನಲ್ಲಿ, ಒಂದೂ ಇಲ್ಲ, ಊರ ಮಂದಿ ಕಣ್ಣು ಬಿದ್ದಾವ ಅಂತ ಅವ್ವ ಸಖುಬಾಯಿ ಉಪ್ಪು ಮೆಣಸಿನಕಾಯಿ ಇಳಿ ತೆಗೆದಿದ್ದಳು, ಕಣ್ಣೂ ಅಲ್ಲ ಏನೂ ಅಲ್ಲ, ಆ ಮೈದಾನದ ಹತ್ತಿರ ನಳ ಇರಲಿಲ್ಲ, ಇರ್ಲಿ ಬಿಡು ನಾಗ್ಯಾ, ಅಷ್ಟು ದೂರ ಯಾಕ ಹೋಗ್ತಿ ಅಂದಿದ್ದ ಖಾಲಿದಭಾಯ್, ಆ ಕರುಣೆಗೆ ಕಣ್ಣು ತುಂಬಿತ್ತು, ಎಂಥ ದೋಸ್ತ ಅಂತ, ಕೆಂಪು ಮಣ್ಣು, ರೊಟ್ಟಿಯಗಲದ ಹಸಿ — ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿದೆ, ಹಾವಗೆಪ್ಪನೂ ನಗುತ್ತಿದ್ದಾನೆ, ಅಂದರೆ ಅವನಿಗೂ ಗೊತ್ತಿತ್ತು, ಸೋನಾಲಿ ಒಬ್ಬಳು ನಗುತ್ತಿಲ್ಲ, ತನ್ನ ಬಲಗೈ ಬೆರಳು ನೋಡಿಕೊಳ್ಳುತ್ತಿದ್ದಾಳೆ, ಮಡಚುತ್ತಾಳೆ, ಬಿಡಿಸುತ್ತಾಳೆ, ಈಗ ತಲೆ ಎತ್ತಿ ಅಪ್ಪನನ್ನು ನೋಡುತ್ತಾಳೆ, ನೋಡಬಾರದು, ಇದನ್ನು ಅವಳು ನೋಡಬಾರದು — ನಾಗಸೇನ ನಕ್ಕ, ತೊಡೆ ತಟ್ಟಿ, ಎಲ್ಲರಿಗಿಂತ ಜೋರಾಗಿ, ಭಲೇ ಖಾಲಿದಭಾಯ್ ಅಂದ, ಸಭೆಯ ನಗು ನಿಂತಿತು, ಅವನದು ನಿಲ್ಲಲಿಲ್ಲ, ಶಾಲು ಜಾರಿತು, ತಂಬಿಗೆ ಹಿಡಿದ ತನ್ನದೇ ಕೈ, ಕೆಂಪು ಮಣ್ಣು, ರೊಟ್ಟಿಯಗಲದ ಹಸಿ, ಬಿಸಿಲಿಗೆ ಆರುತ್ತ, ರೊಟ್ಟಿಯಗಲದ ಹಸಿ —